ಮಾವ ಓಡಿಸಿದ ಕಾರು, ಅತ್ತೆ ಗೆದ್ದ ರೇಸು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನಮ್ಮದೊಂದು ಎಲೆಕ್ಟ್ರಾನಿಕ್ಸ್ ಅಂಗಡಿ ಇದೆ. ಟೀವಿ, ಫ್ಯಾನು, ಮಿಕ್ಸಿ, ಗ್ರೈಂಡರು ಮಾರುತ್ತೇವೆ. ಟೀವಿ ಕೂರಿಸಲು, ಡಿಶ್ ತಿರುಗಿಸಲು ನನ್ನ ಗಂಡ ಸುತ್ತಲಿನ ಹಳ್ಳಿಗಳಿಗೆ ಹೋಗುತ್ತಾರೆ. ಅಂಗಡಿಯಲ್ಲಿ ಕೂರುವವಳು ನಾನು. ಮೇಲೆಯೇ ಮನೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮಾವ.

ಒಂದು ಬೇಸಿಗೆಯಲ್ಲಿ, ಫ್ಯಾನು ಬಿಟ್ಟು ಬೇರೇನೂ ಮಾರಾಟವಾಗದ ದಿನಗಳಲ್ಲಿ, ಚಿತ್ರದುರ್ಗದಿಂದ ಒಬ್ಬ ಸೇಲ್ಸ್ ಹುಡುಗಿ ಬಂದಳು. ಹುಟ್ಟೂರು ತುರುವನೂರಂತೆ, ಮಾತು ನಮ್ಮ ಮಾತೇ. ಬ್ಯಾಗಿನಿಂದ ಅಡುಗೆಮನೆಯ ಉಪ್ಪಿನ ಡಬ್ಬಿಯಷ್ಟು ದೊಡ್ಡದೊಂದು ಕಪ್ಪು ಡಬ್ಬಿ ತೆಗೆದು, ನಾವು ಶೋಗೆಂದು ಗೋಡೆಗೆ ಹಾಕಿದ್ದ ದೊಡ್ಡ ಟೀವಿಯ ಕೆಳಗಿಟ್ಟಳು. ಡಬ್ಬಿಗೆ ಒಂದು ಕಣ್ಣಿತ್ತು. ಅದು ಕ್ಯಾಮೆರಾ. ನಾವು ಟೀವಿ ಮುಂದೆ ನಿಂತು ಕೈಕಾಲು ಆಡಿಸಿದರೆ ಅದು ನೋಡಿಕೊಂಡು ಟೀವಿಯೊಳಗಿನ ಬೊಂಬೆಯನ್ನು ಹಾಗೇ ಆಡಿಸುತ್ತದೆ. ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ಒತ್ತಬೇಕಿಲ್ಲ.

"ಮೇಡಂ, ಇದು ಗೇಮ್ ಆಡೋರಿಗಲ್ಲ. ಜನ್ಮದಾಗೆ ಗೇಮ್ ಆಡದೆ ಇರೋರಿಗೆ," ಅಂದಳು.

"ಆಡದೆ ಇರೋರು ಯಾಕಮ್ಮ ತಗಂತಾರೆ?" ಅಂದೆ.

"ಅದನ್ನೇ ನೋಡಬೇಕು ಅಂತಿದೆ ಕಂಪನಿ. ಒಂದು ತಿಂಗಳು ಇಟ್ಕಳ್ರಿ. ಮಾರಿದರೆ ಸರಿ. ಇಲ್ಲ ಅಂದ್ರೆ ನಾನೇ ಬಂದು ತಗಂಡೋಗ್ತೀನಿ."

ಕಳೆದುಕೊಳ್ಳುವುದೇನೂ ಇರಲಿಲ್ಲ. ಇಟ್ಟುಕೊಂಡೆ.

ಮೊದಲು ನಾನೇ ಕಲಿಯಬೇಕಲ್ಲ, ಗಿರಾಕಿಗೆ ತೋರಿಸುವುದು ಹೇಗೆ? ಬಲೂನು ಒಡೆಯುವ ಆಟ ಹಾಕಿಕೊಂಡು ನಿಂತೆ. ಬಲೂನು ಬಂದ ಕಡೆ ಕೈ ಬೀಸಬೇಕು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಸಿದೆ, ಬಾಗಿದೆ, ಹಾರಿದೆ. ಆಟ ಮುಗಿದಾಗ ಟೀವಿಯಲ್ಲಿ ಇಬ್ಬರ ಹೆಸರಿನ ಜಾಗ ಬಂತು. ಒಂದನೇ ಆಟಗಾರ ಹನ್ನೊಂದು, ಎರಡನೇ ಆಟಗಾರ ಮೂವತ್ತೆರಡು. ಅಂಗಡಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ. ತಿರುಗಿ ನೋಡಿದರೆ ನನ್ನ ಹಿಂದೆ ಸ್ಟ್ಯಾಂಡ್ ಫ್ಯಾನು ಆ ಕಡೆ ಈ ಕಡೆ ಕತ್ತು ತಿರುಗಿಸುತ್ತ ನಿಂತಿತ್ತು. ಅದನ್ನೂ ಮನುಷ್ಯ ಅಂದುಕೊಂಡಿತ್ತು ಡಬ್ಬಿ. ಫ್ಯಾನನ್ನು ಮೂಲೆಗೆ ಸರಿಸಿದೆ. ಆಮೇಲೂ ನನಗೆ ಹದಿನೈದು ದಾಟಲಿಲ್ಲ.

ಮೊದಲ ವಾರ ಬಂದವರನ್ನೆಲ್ಲ ಕರೆದು ಕರೆದು ನಿಲ್ಲಿಸಿದೆ. ಮೊಬೈಲಿನಲ್ಲಿ ಗೇಮ್ ಆಡುವ ಕಾಲೇಜು ಹುಡುಗರು ನೋಡಿ, "ಇದಕ್ಕೆ ಎದ್ದು ನಿಲ್ಲಬೇಕೇನಕ್ಕ?" ಅಂತ ಕೇಳಿ ಹೋದರು. ಬಾಗೂರಿನಿಂದ ಟೀವಿ ನೋಡಲು ಬಂದಿದ್ದ ಹಿರಿಯರೊಬ್ಬರು, ಪರದೆಯಲ್ಲಿ ಬೊಂಬೆ ಕೈಯೆತ್ತಿದ್ದನ್ನು ಕಂಡು ಮರ್ಯಾದೆಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಅವರದೇ ಬೊಂಬೆ ಅದು, ಅದೂ ನಮಸ್ಕಾರ ಮಾಡಿತು. ಇವರು ಇನ್ನೊಂದು ಮಾಡಿದರು. ಅದೂ ಮಾಡಿತು. "ಒಳ್ಳೇ ಸಂಸ್ಕಾರ ಐತೆ," ಅಂತ ಮೆಚ್ಚಿ, ಟೀವಿಯನ್ನೂ ಕೊಳ್ಳದೆ, ಡಬ್ಬಿಯನ್ನೂ ಕೊಳ್ಳದೆ ಹೋದರು.

ಮಿಕ್ಸಿ ಜಾರು ಬದಲಾಯಿಸಲು ಬಂದಿದ್ದ ಹೆಂಗಸೊಬ್ಬರಿಗೆ ಹಣ್ಣು ಕತ್ತರಿಸುವ ಆಟ ತೋರಿಸಿದೆ. ಗಾಳಿಯಲ್ಲಿ ಹಾರಿ ಬರುವ ಹಣ್ಣನ್ನು ಕೈಯಿಂದ ಕಡಿಯಬೇಕು. ಅವರು ಕೈ ಕಟ್ಟಿಕೊಂಡು ನೋಡಿದರು. ಮಾವಿನಹಣ್ಣು ಬಂತು, ಹೋಯಿತು. ಕಲ್ಲಂಗಡಿ ಬಂತು, ಹೋಯಿತು.

"ಕಡೀರಿ ಅಕ್ಕ," ಅಂದೆ.

"ಕಡಿದು ಯಾರಿಗೆ ಕೊಡಾದು? ಸುಮ್ಮನೆ ನೆಲಕ್ಕೆ ಚೆಲ್ತದಲ್ಲ. ನಂಗೆ ನೋಡಾಕೆ ಆಗಲ್ಲ ಬಿಡವ್ವ," ಅಂದು ಜಾರು ತೆಗೆದುಕೊಂಡು ಹೊರಟರು.

ಅಷ್ಟು ದಿನವೂ ಮಾವ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಮಾವ ಬಸ್ ಡ್ರೈವರ್ ಆಗಿದ್ದವರು. ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ, ಮತ್ತೆ ವಾಪಸ್. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ರಸ್ತೆ. ಒಂದು ನಾಯಿಗೂ ತಾಗಿಸಿದವರಲ್ಲ ಅಂತ ಊರವರೇ ಹೇಳುತ್ತಿದ್ದರು. ಡಬ್ಬಿಯ ಕಡೆ ಅವರು ಕಣ್ಣೆತ್ತಿಯೂ ನೋಡಿರಲಿಲ್ಲ. ಗಾಳಿಗೆ ಕೈ ಬೀಸುವವರು ಅವರ ಪಾಲಿಗೆ ಸೊಳ್ಳೆ ಓಡಿಸುವವರು ಮಾತ್ರ.

ಒಂದು ಬೆಳಗ್ಗೆ ನಾನು ಕಾರ್ ರೇಸಿನ ಆಟ ಹಾಕಿದೆ. ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿದರೆ ಕಾರು ಓಡುತ್ತದೆ. ಕೈ ಎದೆಯ ಕಡೆ ಎಳೆದುಕೊಂಡರೆ ನಿಲ್ಲುತ್ತದೆ. ನಾನು ಓಡಿಸಿದ ಕಾರು ಮೊದಲು ಕಂಬಕ್ಕೆ ಗುದ್ದಿತು, ಆಮೇಲೆ ಗೋಡೆಗೆ, ಆಮೇಲೆ ಹಿಂದೆ ತಿರುಗಿ ಮತ್ತೆ ಅದೇ ಕಂಬಕ್ಕೆ. ಪ್ರತಿ ಸಲ ಗುದ್ದಿದಾಗಲೂ ಬಾಗಿಲ ಬಳಿ ಪೇಪರು ಸರಕ್ಕನೆ ಮಡಚುವ ಸದ್ದು ಕೇಳುತ್ತಿತ್ತು. ನಾಲ್ಕನೇ ಸಲಕ್ಕೆ ಮಾವ ಎದ್ದು ಬಂದರು.

"ಸರಿಯವ್ವ ಅತ್ಲಾಗೆ. ಗಾಡಿ ಹಂಗೇನು ಓಡ್ಸಾದು?"

ತಮ್ಮ ಕುರ್ಚಿಯನ್ನು ತಂದು ಟೀವಿ ಎದುರು ಹಾಕಿಕೊಂಡರು. ಕೂತು, ಎರಡು ಸಲ ಹಿಂದೆ ಮುಂದೆ ಸರಿದು, ಬೆನ್ನು ನೇರ ಮಾಡಿದರು. ಬಲಗಡೆ ಇಲ್ಲದ ಕನ್ನಡಿಯನ್ನು ನೋಡಿದರು. ಎಡಗಡೆ ನೋಡಿದರು. ಆಮೇಲೆ ಬಸ್ಸಿನ ಸ್ಟಿಯರಿಂಗ್ ಹಿಡಿಯುವಷ್ಟು ಅಗಲಕ್ಕೆ ಕೈ ಚಾಚಿದರು. ಕಾರು ಹೊರಟಿತು. ಹೊರಟ ಕೂಡಲೇ ಅವರ ಎಡಗೈ ಕೆಳಗೆ ಹೋಗಿ ಗೇರು ಬದಲಾಯಿಸಿತು. ಡಬ್ಬಿಗೆ ಗೇರು ಗೊತ್ತಿಲ್ಲ. ಒಂದು ಕೈ ಬಿಟ್ಟರು ಅಂತ ಕಾರನ್ನು ಬಲಕ್ಕೆ ಎಳೆಯಿತು. ಮಾವ ತಿದ್ದಿ ನೇರ ಮಾಡಿದರು. ಸೆಕೆಂಡ್ ಗೇರು. ಮತ್ತೆ ಬಲಕ್ಕೆ. "ವೀಲ್ ಅಲೈನ್‌ಮೆಂಟ್ ಹೋಗೈತೆ," ಅಂದರು.

ಮಿಕ್ಕ ಏಳು ಕಾರುಗಳು ರೊಯ್ಯೆಂದು ಮುಂದೆ ಹೋದವು. ಮಾವ ಪ್ರತಿ ತಿರುವಿನಲ್ಲೂ ಅಂಗೈಯಿಂದ ಹಾರನ್ ಒತ್ತಿ, ನಿಧಾನ ಮಾಡಿ, ಎಡಕ್ಕೆ ಹಿಡಿದು ಹೋದರು. ಮುಂದೆ ಹೋದ ಕಾರುಗಳು ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದಾಗ, ಮಾವ ಬಲಗೈ ಹೊರಗೆ ಚಾಚಿ ಹೋಗಿ ಅಂತ ಸನ್ನೆ ಮಾಡಿದರು. ಆಟ ಮುಗಿದಾಗ ಎಂಟನೇ ಸ್ಥಾನ ಅಂತ ಬಂತು. ಎಂಟೇ ಜನ ಇದ್ದದ್ದು. ಮಾವ ಆ ಸಾಲು ನೋಡಲಿಲ್ಲ. ಕೆಳಗೆ ಕಾರಿಗೆ ಆದ ಹಾನಿ ಸೊನ್ನೆ ಅಂತ ಇನ್ನೊಂದು ಸಾಲಿತ್ತು. ಅದನ್ನು ಬೆರಳಿಟ್ಟು ತೋರಿಸಿದರು.

"ನೋಡು. ಗಾಡಿಗೆ ಒಂದು ಗೀರು ಬಿದ್ದಿಲ್ಲ."

ಮಾರನೇ ದಿನ ಪೇಪರು ಓದಿ ಮುಗಿಸಿದ ಮೇಲೆ ತಾವೇ ಕೇಳಿದರು, "ಆ ಗಾಡಿ ಸ್ವಲ್ಪ ಹಾಕವ್ವ." ಅದರ ಮಾರನೇ ದಿನ ಪೇಪರಿಗಿಂತ ಮೊದಲೇ ಕೇಳಿದರು. ಹಳೆಯ ಪ್ರಯಾಣಿಕರು ರಸ್ತೆಯಲ್ಲಿ ಹೋಗುವಾಗ ನೋಡಿ ಒಳಗೆ ಬರತೊಡಗಿದರು. ತೆಂಗಿನಕಾಯಿ ವ್ಯಾಪಾರದವರೊಬ್ಬರು ಮಾವನ ಕುರ್ಚಿಯ ಹಿಂದೆ ನಿಂತು, "ಡ್ರೈವರ್ ಸಾಹೇಬ್ರೆ, ಚಿತ್ರಹಳ್ಳಿ ಗೇಟ್ ಹತ್ರ ಸ್ವಲ್ಪ ನಿಲ್ಸಿ," ಅಂದರು ತಮಾಷೆಗೆ. ಮಾವ ಎರಡೂ ಕೈ ಎದೆಗೆ ಎಳೆದುಕೊಂಡರು. ಟೀವಿಯಲ್ಲಿ ರೇಸಿನ ಕಾರು ನಡುರಸ್ತೆ ಬಿಟ್ಟು ಎಡಕ್ಕೆ ಸರಿದು ನಿಂತಿತು. ಪಕ್ಕದಲ್ಲಿ ಏಳು ಕಾರುಗಳು ಬೆಂಕಿ ಉಗುಳುತ್ತ ಹೋದವು. ಮಾವ ಒಂದು ನಿಮಿಷ ಕಾದರು.

"ಇಳಿದ್ರೇನಪ್ಪ?"

"ಇಳಿದೆ, ಹೋಗಾಣ."

"ಇಳಿದೋನು ಹೋಗಾಣ ಅಂತೀಯಲ್ಲ," ಅಂದು ಮಾವ ಫಸ್ಟ್ ಗೇರ್ ಹಾಕಿದರು.

ಅಂಗಡಿ ತುಂಬ ಜನ. ಒಬ್ಬರೂ ಡಬ್ಬಿಯ ಬೆಲೆ ಕೇಳುತ್ತಿರಲಿಲ್ಲ. ಹೊಸದುರ್ಗದ ಬಸ್ಸು ತಡವಾದವರು ನಮ್ಮಲ್ಲಿ ಬಂದು ಕೂತು, ಅದು ಬಂದ ಮೇಲೆ ಎದ್ದು ಹೋಗುತ್ತಿದ್ದರು. ಆದರೂ ನಾಲ್ಕು ಫ್ಯಾನು ಹೆಚ್ಚು ಮಾರಾಟವಾದವು, ಒಳಗೆ ಸೆಖೆ ಅಷ್ಟಿತ್ತು.

ಎರಡು ವಾರಕ್ಕೆ ಸೇಲ್ಸ್ ಹುಡುಗಿ ವಿಚಾರಿಸಲು ಬಂದಳು. ಜನ ನೋಡಿ ಅವಳಿಗೆ ಹಿಗ್ಗು. ಜನ್ಮದಲ್ಲಿ ಗೇಮ್ ಆಡದ ಎಪ್ಪತ್ತರ ಮನುಷ್ಯ ದಿನಾ ಆಡುತ್ತಿದ್ದಾರೆ ಅಂದರೆ ಕಂಪನಿಗೆ ಇನ್ನೇನು ಬೇಕು? ಮೊಬೈಲು ತೆಗೆದು ವಿಡಿಯೋ ಮಾಡಲು ನಿಂತಳು. ಐದು ನಿಮಿಷ ನೋಡಿದ ಮೇಲೆ ಅವಳ ಮುಖ ಸಣ್ಣದಾಯಿತು.

"ಅಜ್ಜ, ಒಂದೇ ಒಂದ್ಸಲ ಜೋರಾಗಿ ಓಡಿಸ್ರಿ. ಮೂರನೇ ಸ್ಥಾನ ಬಂದ್ರೂ ಸಾಕು, ಆಫೀಸಿಗೆ ಕಳಿಸ್ತೀನಿ."

"ಯಾವೂರಿಗೆ ಹೋಗಾಕೆ ಇಷ್ಟು ಅವಸರ ಇವರಿಗೆಲ್ಲ?" ಅಂದರು ಮಾವ. "ಈ ರಸ್ತೆ ಎಲ್ಲಿಗೆ ಹೋಗ್ತತೆ?"

"ಎಲ್ಲಿಗೂ ಹೋಗಲ್ಲ ಅಜ್ಜ. ಸುತ್ತು ಹಾಕಿ ಹೊರಟ ಜಾಗಕ್ಕೇ ಬರ್ತದೆ."

ಮಾವ ಕೈ ಕೆಳಗಿಳಿಸಿ ಅವಳ ಕಡೆ ತಿರುಗಿದರು. "ಹಂಗಾದ್ರೆ ಹೊರಡೋದೇ ಬ್ಯಾಡಾಗಿತ್ತಲ್ಲವ್ವ."

ಅವಳು ನನ್ನ ಮುಖ ನೋಡಿದಳು. ನಾನು ಫ್ಯಾನಿನ ಬಿಲ್ಲು ಬರೆಯುತ್ತಿದ್ದೆ, ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಅತ್ತೆ ಮೇಲಿನಿಂದ ಇಳಿದು ಬಂದರು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಮಾವನಿಗೆ ಮಜ್ಜಿಗೆ ತರುವುದು ಅವರ ರೂಢಿ. ಅತ್ತೆಗೆ ಆಗ ಅರವತ್ತೊಂದು. ಹೆಚ್ಚು ಮಾತಿನವರಲ್ಲ. ಬಾಯ್ತನಕ ತುಂಬಿದ ಚೊಂಬನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು, ಚೆಲ್ಲದ ಹಾಗೆ ಮೆಲ್ಲಗೆ ನಡೆದು ಬಂದು ಮಾವನ ಕುರ್ಚಿಯ ಪಕ್ಕ ನಿಂತರು. ಮಾವ ರೇಸಿನ ನಡುವೆ ಇದ್ದರು. ಕುಡಿಯಲಿ ಅಂತ ಅತ್ತೆ ಕಾದರು.

ಟೀವಿ ಪರದೆ ಟಣ್ ಅಂದು ಎರಡು ಭಾಗವಾಯಿತು. ಎಡಗಡೆ ಮಾವನ ಕಾರು, ಬಲಗಡೆ ಇನ್ನೊಂದು ಹಳದಿ ಕಾರು. ಮುಂದೆ ಚಾಚಿದ ಎರಡು ಕೈ ಕಂಡು ಡಬ್ಬಿ ಅತ್ತೆಯನ್ನು ಎರಡನೇ ಆಟಗಾರಳಾಗಿ ಸೇರಿಸಿಕೊಂಡಿತ್ತು. ಹಳದಿ ಕಾರು ಓಡತೊಡಗಿತು. ಅದು ತಮ್ಮದು ಅಂತ ಅತ್ತೆಗೆ ಗೊತ್ತಿಲ್ಲ. ನೊಣ ಕೂತಿತು ಅಂತ ಚೊಂಬನ್ನು ಸ್ವಲ್ಪ ಎಡಕ್ಕೆ ಸರಿಸಿದರು. ಕಾರು ಎಡಕ್ಕೆ ಹೊರಳಿತು. ಬಲಕ್ಕೆ ಸರಿಸಿದರು. ಬಲಕ್ಕೆ ಹೊರಳಿತು. ಅತ್ತೆಯ ಹುಬ್ಬು ಮೇಲೇರಿತು. ಮತ್ತೊಮ್ಮೆ, ಈ ಸಲ ಬೇಕಂತಲೇ, ಎಡಕ್ಕೆ ತಿರುಗಿಸಿದರು.

"ಇದು ನಾನೇನೇ?" ಅಂತ ನನ್ನನ್ನು ಕೇಳಿದರು.

"ಹೂಂ ಅತ್ತೆ, ನೀವೇ. ಕೈ ಹಂಗೇ ಮುಂದೆ ಹಿಡೀರಿ."

ಅಷ್ಟೇ. ಅತ್ತೆ ಎರಡು ಹೆಜ್ಜೆ ಮುಂದೆ ಹೋದರು. ಮೊದಲು ದಾಟಿದ್ದು ಮಾವನ ಕಾರನ್ನೇ. ಮಾವ ದಾರಿ ಕೊಟ್ಟು ಕೈ ಸನ್ನೆ ಮಾಡುವಷ್ಟರಲ್ಲಿ ಹಳದಿ ಕಾರು ತಿರುವಿನಲ್ಲಿ ಮಾಯ. ಅಲ್ಲಿಂದ ಒಂದೊಂದೇ ಕಾರು ಹಿಂದೆ ಬಿತ್ತು. ಒಂದನ್ನು ಪಕ್ಕಕ್ಕೆ ತಳ್ಳಿಯೇ ಹೋದರು. ಪ್ರತಿ ತಿರುವಿಗೂ ಒಂದಿಷ್ಟು ಮಜ್ಜಿಗೆ ನೆಲಕ್ಕೆ. "ಲೇ, ಬ್ರೇಕ್ ಹಿಡಿಯೇ," ಅಂದರು ಮಾವ. ಅತ್ತೆ ಹಿಡಿಯಲಿಲ್ಲ. ಎರಡನೇ ಸ್ಥಾನದಲ್ಲಿ ಮುಗಿಸಿದಾಗ ಚೊಂಬಿನಲ್ಲಿ ಒಂದು ಗುಟುಕು ಉಳಿದಿತ್ತು. ತೆಂಗಿನಕಾಯಿಯವರು ಚಪ್ಪಾಳೆ ತಟ್ಟಿದರು. ಸೇಲ್ಸ್ ಹುಡುಗಿ ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದಳು.

ಅತ್ತೆ ಚೊಂಬನ್ನು ಮಾವನ ಕೈಗೆ ಕೊಟ್ಟು, ಸೆರಗಿನಿಂದ ಅಂಗೈ ಒರೆಸಿಕೊಂಡರು. "ಇನ್ನೊಂದ್ಸಲ ಹಾಕು," ಅಂದರು ನನಗೆ.

ಆವತ್ತಿನಿಂದ ಮನೆಯ ದಿನಚರಿ ಬದಲಾಯಿತು. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಶಟರ್ ಅರ್ಧ ಎಳೆದಿರುತ್ತೇವೆ. ಆ ಹೊತ್ತಿಗೆ ಅತ್ತೆ ಹಾಜರು. ಅಡುಗೆ ಹನ್ನೆರಡಕ್ಕೇ ಮುಗಿಯುತ್ತಿತ್ತು. ಒಂದು ದಿನ ಸಾರಿಗೆ ಉಪ್ಪಿಲ್ಲ, ಇನ್ನೊಂದು ದಿನ ಎರಡು ಸಲ ಉಪ್ಪು. ನನ್ನ ಗಂಡ ತಟ್ಟೆ ಮುಂದೆ ಕೂತು, "ಅವ್ವ ಯಾಕೋ ಹುಷಾರಿಲ್ಲ ಅನ್ನಿಸ್ತದೆ," ಅಂದರು. ಹುಷಾರಾಗಿಯೇ ಇದ್ದರು. ನಾಲ್ಕು ದಿನದಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದರು. ಮನೆಯಲ್ಲಿ ಜೋರು ದನಿ ಎತ್ತದ ಹೆಂಗಸು, ಟೀವಿಯೊಳಗಿನ ಕೆಂಪು ಕಾರಿಗೆ, "ಸರಿಯೋ ಅತ್ಲಾಗೆ, ಕಣ್ಣು ಕಾಣಲ್ವೇನೋ," ಅನ್ನುವುದನ್ನು ನಾನು ಕಿವಿಯಾರೆ ಕೇಳಿದೆ.

ಮಾವ ಆಡುವುದು ಬಿಟ್ಟರು. ಆದರೆ ಆ ಹೊತ್ತಿಗೆ ಸರಿಯಾಗಿ ಬಂದು ಪಕ್ಕದಲ್ಲಿ ಕೂರುವುದು ಬಿಡಲಿಲ್ಲ.

"ಇಂಡಿಕೇಟರ್ ಹಾಕು."

"ಎಲ್ಲೈತೆ ಇಂಡಿಕೇಟರು?"

"ಕೈಯಾದ್ರೂ ತೋರ್ಸು."

"ಕೈ ತೋರ್ಸಿದ್ರೆ ಗಾಡಿ ಯಾರು ಹಿಡೀತಾರ್ರಿ?"

"ತಿರುವಿನಾಗೆ ಓವರ್‌ಟೇಕ್ ಮಾಡ್ತೀಯಲ್ಲ, ಒಳಗೆ ಜನ ಇದ್ದಿದ್ರೆ?"

"ಯಾರೂ ಇಲ್ಲ. ನಾನೊಬ್ಬಳೇ ಇದೀನಿ."

ಮಾವ ಎದ್ದು ಹೋದರು. ಹೋಗುವಾಗ, "ನಿನ್ ಗಾಡಿಗೆ ನಾನಂತೂ ಹತ್ತಲ್ಲ," ಅಂದರು. ಯಾರೂ ಹತ್ತು ಅಂದಿರಲಿಲ್ಲ.

ಆವತ್ತು ಅತ್ತೆ ಆಟ ಮುಗಿಸಿ ನನ್ನ ಪಕ್ಕ ಸ್ಟೂಲಿನಲ್ಲಿ ಕೂತರು. ಬೆವರು ಒರೆಸಿಕೊಳ್ಳುತ್ತ ತಾವಾಗಿ ಮಾತು ತೆಗೆದರು. ಮದುವೆಯಾದಾಗಿನಿಂದ ಎಷ್ಟೋ ಸಲ ಮಾವನ ಬಸ್ಸಿನಲ್ಲೇ ತವರಿಗೆ ಹೋಗಿದ್ದಾರೆ. ಆದರೆ ಮುಂದಿನ ಸೀಟಿನಲ್ಲಿ ಒಂದು ದಿನವೂ ಕೂತಿಲ್ಲ. ಹೆಂಡತಿ ಪಕ್ಕದಲ್ಲಿ ಕೂತರೆ ಡ್ರೈವರ್ ಮಾತಾಡುತ್ತಾನೆ, ಮಾತಾಡಿದರೆ ಗಮನ ತಪ್ಪುತ್ತದೆ ಅಂತ ಮಾವ ಹಿಂದೆ ಕೂರಿಸುತ್ತಿದ್ದರಂತೆ.

"ಕಿಟಕಿಯಾಗೆ ಗಿಡ, ಮನೆ, ಎಲ್ಲ ಹಿಂದಕ್ಕೆ ಹೋಗಾದು ನೋಡಿದೀನಿ," ಅಂದರು. "ರಸ್ತೆ ಮುಂದಿನಿಂದ ಬರಾದು ನೋಡಿರಲಿಲ್ಲ ಕಣೇ. ಚೆಂದ ಐತೆ."

ನಾನು ಕುಡಿಯಲು ನೀರು ಕೊಟ್ಟೆ.

ತಿಂಗಳು ಮುಗಿಯಿತು. ಸೇಲ್ಸ್ ಹುಡುಗಿ ಖುಷಿಯಿಂದ ಬಂದಳು. ವಿಡಿಯೋ ಆಫೀಸಿನವರಿಗೆ ಬಹಳ ಹಿಡಿಸಿತ್ತಂತೆ. ಅಜ್ಜನನ್ನು ತೆಗೆದುಹಾಕಿ, ಚೊಂಬಿನಿಂದ ಮುಂದಕ್ಕೆ ಮಾತ್ರ ಇಟ್ಟುಕೊಳ್ಳಿ ಅಂದಿದ್ದರಂತೆ. ಆಡದವರೂ ಆಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಅಂದಳು.

"ಆಂಟಿ, ನಿಮಗೆ ಡಿಸ್ಕೌಂಟ್ ಕೊಡಿಸ್ತೀನಿ. ತಗಂಡುಬಿಡ್ರಿ," ಅಂದಳು ಅತ್ತೆಗೆ.

ನಾನೂ ಕೊಂಡುಬಿಡೋಣ ಅಂದುಕೊಂಡಿದ್ದೆ. ಅತ್ತೆ ಡಬ್ಬಿಯನ್ನು ಒಂದು ಗಳಿಗೆ ನೋಡಿದರು.

"ಬ್ಯಾಡ, ತಗಂಡೋಗವ್ವ. ಎಷ್ಟು ಓಡ್ಸಿದ್ರೂ ಇದೇ ಅಂಗಡಿಯಾಗೆ ಇರ್ತೀನಿ."

ಹುಡುಗಿಗೆ ನಿರಾಸೆಯಾಯಿತು. "ಇಷ್ಟು ಚೆನ್ನಾಗಿ ಆಡ್ತೀರಲ್ಲ ಆಂಟಿ," ಅಂದಳು.

"ಅದಕ್ಕೇ," ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಸ್ಕೂಟಿ ಕಲಿಯಾಕೆ ಎಷ್ಟು ದಿನ ಹಿಡೀತದೆ?" ಅಂತ ಕೇಳಿದರು.

ಹುಡುಗಿ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು. ಆಡದವರನ್ನು ಗೆದ್ದಿದ್ದಳು, ಒಂದು ಡಬ್ಬಿಯೂ ಮಾರಿರಲಿಲ್ಲ. ಆಫೀಸಿಗೆ ಏನಂತ ಬರೆಯಲಿ ಅಂತ ನನ್ನನ್ನೇ ಕೇಳಿದಳು. ಟೀ ಕುಡಿಸಿ ಕಳಿಸಿದೆ.

ಸ್ಕೂಟಿ ಕಲಿಸುವವಳು ನಾನು ಅಂತ ಮಾತಾಗಿತ್ತು. ಮೊದಲ ಭಾನುವಾರ ಬೆಳಗ್ಗೆ ಕಾಲೇಜು ಮೈದಾನಕ್ಕೆ ಹೊರಟಾಗ, ಮಾವ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನು ಬದುಕಿರುವಾಗ ಈ ಮನೇಲಿ ಬೇರೆಯವರು ಯಾಕೆ ಡ್ರೈವಿಂಗ್ ಕಲಿಸಬೇಕು?" ಅಂದರು. ಮೈದಾನದಲ್ಲಿ ಸ್ಕೂಟಿಯ ಪಕ್ಕದಲ್ಲೇ ಓಡಿದರು. ಅತ್ತೆ ಟೀವಿಯಲ್ಲಿ ರೂಢಿಯಾದಂತೆ ನಿಲ್ಲಿಸಲು ಕೈ ಎದೆಗೆ ಎಳೆದುಕೊಂಡರು. ಸ್ಕೂಟಿ ನಿಲ್ಲಲಿಲ್ಲ, ವಾಲಿಬಾಲ್ ಕಂಬದ ಹತ್ತಿರ ಅತ್ತೆಯನ್ನು ಮೆಲ್ಲಗೆ ಮಲಗಿಸಿತು. ಮೊಣಕೈ ತರಚಿತು. ಮಾವ ಬೈಯುತ್ತಾರೆ ಅಂದುಕೊಂಡೆ. ಅವರು ಕೂತು, ತಮ್ಮ ಕರವಸ್ತ್ರದಿಂದ ಮಣ್ಣು ಒರೆಸಿ, "ಮೊದಲನೇ ದಿನ ನಾನೂ ಬಸ್ಸನ್ನ ಡಿಪೋ ಗೋಡೆಗೆ ಹಚ್ಚಿದ್ದೆ," ಅಂದರು. ಇದು ಅತ್ತೆಗೂ ಹೊಸ ಸುದ್ದಿ.

ಐದು ಭಾನುವಾರ ಹಿಡಿಯಿತು. ಆರನೆಯದರಲ್ಲಿ ಅತ್ತೆ ಊರೊಳಗೆ ಒಂದು ಸುತ್ತು ಬಂದರು. ಕಲಿಯುವವರ ಲೈಸೆನ್ಸು, ಎಲ್‌ಎಲ್, ಆಯಿತು. ಕಾಯಬೇಕಾದಷ್ಟು ದಿನ ಕಾದು ಟೆಸ್ಟಿಗೆ ಚಿತ್ರದುರ್ಗಕ್ಕೆ ಹೋದೆವು. ಸ್ಕೂಟಿಯನ್ನು ನಾನು ಓಡಿಸಿಕೊಂಡು ಹೋದೆ. ಅತ್ತೆ, ಮಾವ ಬಸ್ಸಿನಲ್ಲಿ ಬಂದರು. ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕಿತ್ತು. ಅತ್ತೆಯ ಮುಂದಿದ್ದ ಇಬ್ಬರು ಹುಡುಗಿಯರು ಕಾಲೂರಿದರು. ಅತ್ತೆ ಊರಲಿಲ್ಲ. ಮಾವ ಬೇಲಿಯ ಆಚೆ ಒಂದು ಬೇವಿನ ಮರಕ್ಕೆ ಮುಖ ಮಾಡಿ ನಿಂತಿದ್ದರು. ನೋಡಲು ಧೈರ್ಯವಾಗಿರಲಿಲ್ಲವಂತೆ.

ಪಾಸ್ ಅಂದ ಮೇಲೆ ಅತ್ತೆ ಸ್ಕೂಟಿ ಕೀ ನನ್ನಿಂದ ಇಸಿದುಕೊಂಡರು. "ನೀನು ಬಸ್ಸಿಗೆ ಹೋಗು. ನಾವು ಹಿಂದೆ ಬರ್ತೀವಿ." ನಾನು ಮಾವನ ಮುಖ ನೋಡಿದೆ. ಮಾವ ಹೆಲ್ಮೆಟ್ ಹಾಕಿಕೊಂಡು ಹಿಂದೆ ಹತ್ತಿ ಕೂತರು.

ನಾನು ಹತ್ತಿದ ಬಸ್ಸು ಚಿತ್ರದುರ್ಗ ದಾಟಿದ ಸ್ವಲ್ಪ ಹೊತ್ತಿಗೆ ಅವರನ್ನು ಹಿಂದೆ ಹಾಕಿತು. ಕಿಟಕಿಯಿಂದ ಬಗ್ಗಿ ನೋಡಿದೆ. ಅತ್ತೆ ಎಡಕ್ಕೆ ಹಿಡಿದು ನಿಧಾನವಾಗಿ ಬರುತ್ತಿದ್ದರು. ಮಾವ ಒಂದು ಕೈಯನ್ನು ಅವರ ಭುಜದ ಮೇಲಿಟ್ಟು, ಇನ್ನೊಂದರಿಂದ ನಮ್ಮ ಬಸ್ಸಿಗೆ ಮುಂದೆ ಹೋಗು ಅಂತ ಸನ್ನೆ ಮಾಡುತ್ತಿದ್ದರು.

ನಾನು ಮನೆಗೆ ಬಂದು ಒಂದೂವರೆ ಗಂಟೆಯ ಮೇಲೆ ಅವರು ಬಂದರು. ದಾರಿಯಲ್ಲಿ ಎರಡು ಕಡೆ ಟೀ ಕುಡಿದರಂತೆ. ಎಲ್ಲೆಲ್ಲಿ, ಏನು ಮಾತಾಡಿದರು ಅಂತ ಇಬ್ಬರೂ ಹೇಳಲಿಲ್ಲ. ಅತ್ತೆ ಹೆಲ್ಮೆಟ್ ತೆಗೆದು, ಕೂದಲು ಸರಿ ಮಾಡಿಕೊಂಡು, "ಅನ್ನಕ್ಕೆ ಇಟ್ಟಿದೀಯೇನೆ?" ಅಂತ ಕೇಳುತ್ತ ಮೆಟ್ಟಿಲು ಹತ್ತಿದರು.